[ಪದಚರ್ಚೆ] ತುರ್ತು: ಕಾರು ಹೋಲಿಕೆಯ ಫಲಕಕ್ಕೆ ‘ರೆಟ್ರೊ’, ‘ಕಾನ್ಸೆಪ್ಟ್’, ‘ಪವರ್’

ಫಲಕಬರಹ:

ಎಲ್ಲರಿಗೂ ನಮಸ್ಕಾರ. ಕಾಲೇಜೊಂದರ ವಾಹನ ಪ್ರದರ್ಶನಕ್ಕೆ ಕನ್ನಡ ಫಲಕ ಬೇಕಾಗಿದೆ. ನಾಳೆ ಬೆಳಿಗ್ಗೆ ಕಡತ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಹ್ಯುಂಡೈ 2022ರ ಜುಲೈನಲ್ಲಿ ತೋರಿಸಿದ, ಮಾರಾಟಕ್ಕಿಲ್ಲದ ಕಾನ್ಸೆಪ್ಟ್ ಕಾರು ಎನ್ ವಿಷನ್ 74 ಒಂದು ಕಡೆ, ನಿಸ್ಸಾನ್ ಝಡ್, ಟೊಯೋಟಾ ಜಿಆರ್ ಸುಪ್ರಾ 3.0 ಮತ್ತು ಪೋರ್ಷೆ ಟೈಕಾನ್ ಟರ್ಬೊ ಎಸ್ ಇನ್ನೊಂದು ಕಡೆ. ಈಗಿರುವ ತಲೆಬರಹ ಹೀಗಿದೆ:

“ಗತಕಾಲಪ್ರೇರಿತ ಪರಿಕಲ್ಪನಾ ಕ್ರೀಡಾ ಕಾರು ಹಾಗೂ ಪ್ರತಿಸ್ಪರ್ಧಿ ಉನ್ನತ ಕಾರ್ಯಕ್ಷಮತೆಯ ಕಾರುಗಳು”

ಆರಡಿ ಅಗಲದ ಫಲಕದಲ್ಲಿ ಇದು ಎರಡು ಸಾಲಾಗುತ್ತಿದೆ, ದೂರದಿಂದ ಓದಲು ಆಗುವುದಿಲ್ಲ. ಕೆಳಗಿನ ಕೋಷ್ಟಕದಲ್ಲಿ ‘ಸಾಮರ್ಥ್ಯ: 500 ಅಶ್ವಶಕ್ತಿ/ಕಿಲೊವ್ಯಾಟ್’, ‘ಬ್ಯಾಟರಿ ಸಾಮರ್ಥ್ಯ: 62.4’, ‘ತಿರುಗುಬಲ: 900’ ಎಂದಿದೆ. ಚಿಕ್ಕ, ಸರಿಯಾದ ಪದಗಳು ಬೇಕು. ಇವತ್ತೇ ಬೇಕು.

ವರ್ಕ್‌ಶಾಪ್:

ತಲೆಬರಹಕ್ಕಿಂತ ಮೊದಲು ಕೋಷ್ಟಕ ಸರಿಮಾಡಿ. ‘500 ಅಶ್ವಶಕ್ತಿ/ಕಿಲೊವ್ಯಾಟ್’ ಎಂಬುದು ತಪ್ಪು, ಅವೆರಡೂ ಒಂದೇ ಅಲ್ಲ. ಕಂಪನಿ ಹೇಳಿದ್ದು 500 ಕಿಲೊವ್ಯಾಟ್‌ಗೂ ಮೀರಿ. ಅದು ಸುಮಾರು 680 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ), ಬ್ರಿಟಿಷ್ ಲೆಕ್ಕದ ಎಚ್‌ಪಿಯಲ್ಲಿ ಸುಮಾರು 670. ಒಂದು ಎಚ್‌ಪಿ 745.7 ವ್ಯಾಟ್, ಒಂದು ಪಿಎಸ್ 735.5 ವ್ಯಾಟ್. ಕನ್ನಡದಲ್ಲಿ ಎರಡನ್ನೂ ‘ಅಶ್ವಶಕ್ತಿ’ ಎಂದೇ ಬರೆಯುತ್ತೇವೆ. ತೊಡಕು ಹುಟ್ಟುವುದೇ ಅಲ್ಲಿ.

ಝಡ್ ಅಮೆರಿಕದಲ್ಲಿ 400 ಎಚ್‌ಪಿ, ಜಪಾನಿನಲ್ಲಿ ಅದೇ ಎಂಜಿನ್ 405 ಪಿಎಸ್. ಸುಪ್ರಾ 3.0 ಅಮೆರಿಕದಲ್ಲಿ 382, ಜಪಾನಿನಲ್ಲಿ 387. ಒಂದು ಕಾರಿಗೆ ಅಮೆರಿಕದ ಅಂಕಿ, ಇನ್ನೊಂದಕ್ಕೆ ಜಪಾನಿನ ಅಂಕಿ ಹಾಕಿ ಎರಡಕ್ಕೂ ಅಶ್ವಶಕ್ತಿ ಎಂದರೆ ಇಲ್ಲದ ಅಂತರ ಹುಟ್ಟಿಕೊಳ್ಳುತ್ತದೆ. ಎಲ್ಲವನ್ನೂ ಕಿಲೊವ್ಯಾಟ್‌ಗೆ ಇಳಿಸಿ: ಝಡ್ 298, ಸುಪ್ರಾ 285, ಎನ್ ವಿಷನ್ 500ಕ್ಕೂ ಮೀರಿ. ಟೈಕಾನ್ ಟರ್ಬೊ ಎಸ್‌ಗೆ ವರ್ಷ ಬರೆಯಲೇಬೇಕು. 2019ರಲ್ಲಿ ಬಂದದ್ದು 560 ಕಿಲೊವ್ಯಾಟ್, ಅದೂ ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ರಭಸವಾಗಿ ಹೊರಡಿಸುವ ವ್ಯವಸ್ಥೆ) ಒತ್ತಿದಾಗ ಕೆಲವೇ ಕ್ಷಣ. ಮಾಮೂಲಿ ಓಟದಲ್ಲಿ 460. ಯಾವುದನ್ನು ಹಾಕುತ್ತೀರಿ ಎಂದು ಅಡಿಯಲ್ಲಿ ಹೇಳಿ.

‘+’ ಗುರುತನ್ನೋ ‘ಮೀರಿ’ ಎಂಬ ಮಾತನ್ನೋ ಬಿಡಬೇಡಿ. ಅಂಗಡಿಯಲ್ಲಿ ಸಿಗುವ ಕಾರಿನ ಅಂಕಿ ಅಳೆದದ್ದು. ಎನ್ ವಿಷನ್ ಅಂಕಿ ಕಂಪನಿ ಇಟ್ಟುಕೊಂಡ ಗುರಿ.

ಅಚ್ಚಗನ್ನಡ:

ಅಶ್ವವೂ ಬೇಡ, ಶಕ್ತಿಯೂ ಬೇಡ. ಕುದುರೆಕಸುವು. ಎಂಜಿನ್‌ಗೆ ಬಿಣಿಗೆ, ಬ್ಯಾಟರಿಗೆ ಮಿಂಕಟ್ಟು, ಟಾರ್ಕ್‌ಗೆ ತಿರುಗುಬಲ. ರೆಟ್ರೊಗೆ ‘ಹಳೆಮೈಯ’. ಕಾರಿಗೆ ಬಂಡಿ. ತಲೆಬರಹ: “ಹಳೆಮೈಯ ಬಿರುಸುಬಂಡಿ ಮತ್ತು ಎದುರಾಳಿಗಳು”. ಒಂದೇ ಸಾಲು, ಮಹಾಪ್ರಾಣ ಒಂದೂ ಇಲ್ಲ.

ಸಮಾಸಪಕ್ಷ:

> ಅಶ್ವವೂ ಬೇಡ, ಶಕ್ತಿಯೂ ಬೇಡ

ಇಬ್ಬರೂ ಒಂದು ಮುಖ್ಯ ಸಂಗತಿ ಬಿಟ್ಟಿದ್ದೀರಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಶಕ್ತಿ ಎಂದರೆ ಜೂಲ್‌ನಲ್ಲಿ ಅಳೆಯುವುದು, ಸಾಮರ್ಥ್ಯ ಎಂದರೆ ವ್ಯಾಟ್‌ನಲ್ಲಿ ಅಳೆಯುವುದು, ಬಲ ಎಂದರೆ ನ್ಯೂಟನ್‌ನಲ್ಲಿ ಅಳೆಯುವುದು. ಹಾಗಿರುವಾಗ ‘ಅಶ್ವಶಕ್ತಿ’ಯ ‘ಶಕ್ತಿ’ ವ್ಯಾಟ್‌ನ ಜಾಗದಲ್ಲಿ ಕುಳಿತಿದೆ. ಪ್ರದರ್ಶನಕ್ಕೆ ಬರುವ ಹತ್ತನೇ ತರಗತಿಯ ಹುಡುಗ ‘62.4 ಕಿಲೊವ್ಯಾಟ್ ಗಂಟೆ’ಯನ್ನು ಸಾಮರ್ಥ್ಯ ಎಂದೂ ‘500 ಕಿಲೊವ್ಯಾಟ್’ ಅನ್ನು ಶಕ್ತಿ ಎಂದೂ ಓದಿದರೆ ಕಲಿತದ್ದು ತಲೆಕೆಳಗಾಗುತ್ತದೆ. ಈ ಕಾರಿನಲ್ಲಿ ಎರಡೂ ಅಂಕಿಗಳು ಪಕ್ಕಪಕ್ಕದಲ್ಲೇ ಇರುವುದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. 500 ಕಿಲೊವ್ಯಾಟ್ ಸಾಮರ್ಥ್ಯ, 62.4 ಕಿಲೊವ್ಯಾಟ್ ಗಂಟೆ ಶಕ್ತಿ. ಇಷ್ಟೇ.

ಕುದುರೆಕಸುವು ಅಚ್ಚಗನ್ನಡ ಸಮಾಸ, ದೋಷವಿಲ್ಲ. ಆದರೆ ನಿಮ್ಮವರೇ ಕಸುವನ್ನು ಒಮ್ಮೆ ಪವರ್‌ಗೂ ಒಮ್ಮೆ ಎನರ್ಜಿಗೂ ಬಳಸುತ್ತಾರೆ. ಹೊಸ ಪದ ತಂದು ಹಳೆಯ ಗೊಂದಲವನ್ನೇ ಅದರೊಳಗೆ ಇಟ್ಟರೆ ಏನು ಪ್ರಯೋಜನ? ಇನ್ನು ಕೆಲವರು ಬರೆಯುವ ‘ಕುದುರೆಶಕ್ತಿ’ ಶುದ್ಧ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಅದು ಬೇಡವೇ ಬೇಡ.

ಬೇರುನೋಟ:

ಮೂಲ ಪ್ರಶ್ನೆ ‘ಸ್ಪೋರ್ಟ್ಸ್ ಕಾರು’. ‘ಕ್ರೀಡಾ ಕಾರು’ ಎಂಬ ಅನುವಾದವೇ ಬೇರು ತಿಳಿಯದೆ ಮಾಡಿದ್ದು. ಇಂಗ್ಲಿಷಿನ ‘ಸ್ಪೋರ್ಟ್’ ಹಳೆಯ ಫ್ರೆಂಚಿನ ‘ದೆಸ್ಪೋರ್ತ್’ನಿಂದ ಬಂದು ತಲೆ ಕಳೆದುಕೊಂಡ ಪದ. ಮೂಲಾರ್ಥ ‘ಆಚೆಗೆ ಒಯ್ಯು’, ಅಂದರೆ ಮನಸ್ಸನ್ನು ಕೆಲಸದಿಂದ ಆಚೆಗೆ ಒಯ್ಯುವುದು. ಪಂದ್ಯ, ಅಂಕ, ಮೈದಾನ ಎಲ್ಲ ಆಮೇಲಿನ ಅರ್ಥ. ಆದ್ದರಿಂದ ‘ವಿಹಾರ ಕಾರು’ ಎನ್ನುವುದೇ ಸರಿ. ಸಂಸ್ಕೃತದ ‘ವಿ-ಹೃ’ ಧಾತುವಿನಲ್ಲೂ ಒಯ್ಯುವ ಅರ್ಥವೇ ಇದೆ. ಎರಡು ಭಾಷೆಗಳು ಒಂದೇ ದಾರಿಯಲ್ಲಿ ನಡೆದಿವೆ. ಇಂಥ ಹೊಂದಿಕೆ ಸಿಕ್ಕಾಗ ಬಿಡಬಾರದು.

ಅಚ್ಚಗನ್ನಡದವರಿಗೆ: ‘ಬಂಡಿ’ಯನ್ನೂ ಪ್ರಾಕೃತದ ‘ಭಂಡೀ’ಯ ಪಕ್ಕ ಇಟ್ಟು ನೋಡಿದವರಿದ್ದಾರೆ. ಅದು ಅಚ್ಚ ಎಂದು ಅಷ್ಟು ಗಟ್ಟಿಯಾಗಿ ಹೇಳಬೇಡಿ.

ವರ್ಕ್‌ಶಾಪ್:

ವಿಹಾರ ಕಾರು ಆಗದು. ಕೇಳಿದವನಿಗೆ ಊಟಿಗೆ ಕುಟುಂಬ ಸಮೇತ ಹೋಗುವ ಕಾರು ನೆನಪಾಗುತ್ತದೆ. ದೂರ ಪಯಣದ ಜಿಟಿ ಕಾರು ಎಂಬ ಬೇರೆ ವರ್ಗವೇ ಇದೆ, ಅದರೊಂದಿಗೆ ಕಲಸಿಹೋಗುತ್ತದೆ. ‘ಓಟದ ಕಾರು’ ಎಂದರೆ ರೇಸ್ ಕಾರು, ನಂಬರ್ ಪ್ಲೇಟ್ ಇಲ್ಲದ್ದು. ‘ಸ್ಪೋರ್ಟ್ಸ್ ಕಾರು’ ಎಂದೇ ಇರಲಿ.

‘ತಿರುಗುಬಲ’ವೂ ಬೇಡ. ಟಾರ್ಕ್ ಬಲವಲ್ಲ, ಬಲ ಮತ್ತು ತೋಳಿನ ಉದ್ದದ ಗುಣಲಬ್ಧ. ಮಾನ ನ್ಯೂಟನ್ ಮೀಟರ್. ‘ಬಲ’ ಎಂದ ಕೂಡಲೇ ಯಾರೋ ಒಬ್ಬರು ‘900 ನ್ಯೂಟನ್’ ಎಂದು ಅಚ್ಚು ಹಾಕುತ್ತಾರೆ. ‘ಭ್ರಾಮಕ’ ಪುಸ್ತಕದಲ್ಲಿದೆ, ಗ್ಯಾರೇಜಿನಲ್ಲಿ ಇಲ್ಲ. ‘ಟಾರ್ಕ್’ ಎಂದು ಬರೆದು ಮಾನ ಪೂರ್ತಿ ಕೊಡಿ: ಎನ್ ವಿಷನ್ 900 ನ್ಯೂಟನ್ ಮೀಟರ್‌ಗೂ ಮೀರಿ, ಝಡ್ 475, ಸುಪ್ರಾ 500, ಟೈಕಾನ್ 1,050. ಇವು ಮೋಟರ್ ಇಲ್ಲವೆ ಎಂಜಿನ್‌ನ ಅಂಕಿ. ಚಕ್ರದ ಬಳಿ ಎಷ್ಟು ತಲುಪುತ್ತದೆ ಎಂಬುದು ಗೇರ್ ಅನುಪಾತದ ಮೇಲೆ. ಆರು ಗೇರಿನ ಝಡ್ ಮೊದಲ ಗೇರಿನಲ್ಲಿ ಅದನ್ನು ಹಲವು ಪಟ್ಟು ಹಿಗ್ಗಿಸುತ್ತದೆ, ಹಾಗಾಗಿ ಈ ಸಾಲನ್ನು ನೋಡಿ ಯಾವುದು ‘ಎರಡರಷ್ಟು ಬಲಶಾಲಿ’ ಎಂದು ಬರೆಯಬೇಡಿ.

ವೇಗೋತ್ಕರ್ಷದ ಸಾಲು ಹಾಕುವುದಾದರೆ ಒಂದೇ ಬಗೆಯ ಅಳತೆ ಹಾಕಿ. ಅಮೆರಿಕದ 0–60 ಮೈಲಿ ಎಂದರೆ ಗಂಟೆಗೆ 96.6 ಕಿಲೊಮೀಟರ್‌ಗೆ ನಿಲ್ಲುತ್ತದೆ. ಅಲ್ಲಿನ ಪತ್ರಿಕೆಗಳು ಮೊದಲ ಒಂದು ಅಡಿಯ ಉರುಳನ್ನು ಲೆಕ್ಕದಿಂದ ಬಿಡುವುದೂ ಉಂಟು. ಅದನ್ನು 0–100ರ ಪಕ್ಕ ಇಡಬಾರದು.

ಫಲಕಬರಹ:

ಧನ್ಯವಾದ. ಟಾರ್ಕ್, ಸ್ಪೋರ್ಟ್ಸ್ ಕಾರು ತೀರ್ಮಾನವಾಯಿತು. ‘ಬ್ಯಾಟರಿ ಸಾಮರ್ಥ್ಯ’ದ ಬದಲು ‘ಬ್ಯಾಟರಿ ಧಾರಣೆ’ ಆಗಬಹುದೆ? ಎನ್ ವಿಷನ್ ಕಾರಿನಲ್ಲಿ ಹೈಡ್ರೋಜನ್ ಬಳಸಿ ವಿದ್ಯುತ್ ಉತ್ಪಾದಿಸುವ ಫ್ಯೂಯೆಲ್ ಸೆಲ್ ಕೂಡ ಇದೆ, ‘ಇಂಧನ ಕೋಶ’ ಎಂದು ಹಾಕಿದ್ದೇನೆ. ‘ಕಾನ್ಸೆಪ್ಟ್’ ಮತ್ತು ‘ರೆಟ್ರೊ’ ಇನ್ನೂ ಬಾಕಿ.

ಸಮಾಸಪಕ್ಷ:

ಧಾರಣೆ ಬೇಡ. ಶಿವಮೊಗ್ಗ, ಶಿರಸಿ ಕಡೆಯವರಿಗೆ ಧಾರಣೆ ಎಂದರೆ ಅಡಿಕೆಯ ದರ. ‘ಬ್ಯಾಟರಿ ಹಿಡಿಯುವ ಶಕ್ತಿ: 62.4 ಕಿಲೊವ್ಯಾಟ್ ಗಂಟೆ’ ಎನ್ನಿ. ಉದ್ದವಾಯಿತು ಎನ್ನಬೇಡಿ, ಕೋಷ್ಟಕದ ಎಡಗಂಬದಲ್ಲಿ ಜಾಗವಿದೆ.

‘ಪರಿಕಲ್ಪನಾ ಕಾರು’ ವ್ಯಾಕರಣಕ್ಕೆ ಸರಿ, ಅರ್ಥಕ್ಕೆ ಅರ್ಧ. ‘ಮಾದರಿ’ ಎನ್ನಲು ಹೋಗಬೇಡಿ. ಪತ್ರಿಕೆಗಳಲ್ಲಿ ಅದು ಮಾಡೆಲ್ ಎಂಬ ಅರ್ಥದಲ್ಲಿ ಬೇರೂರಿದೆ, ‘ಹೊಸ ಮಾದರಿ ಬಿಡುಗಡೆ’ ಎಂದರೆ ಮಳಿಗೆಗೆ ಬಂತು ಎಂದೇ ಓದುತ್ತಾರೆ. ‘ಮೂಲಮಾದರಿ’ ಪ್ರೊಟೊಟೈಪ್‌ಗೆ ಮೀಸಲು. 2020ರ ಸೆಪ್ಟೆಂಬರಿನ ‘ಝಡ್ ಪ್ರೋಟೊ’ಗೆ ಅದು ಹೊಂದುತ್ತದೆ, ಏಕೆಂದರೆ ಮಾರಾಟದ ಕಾರು ಹೆಚ್ಚು ಬದಲಾಗದೆ ಬಂತು.

ವರ್ಕ್‌ಶಾಪ್:

ಎನ್ ವಿಷನ್ 74ಅನ್ನು ಹ್ಯುಂಡೈ ಕರೆದದ್ದು ‘ರೋಲಿಂಗ್ ಲ್ಯಾಬ್’ ಎಂದು. ವೇದಿಕೆಯ ಮೇಲೆ ತಿರುಗಿಸಿ ತೋರಿಸುವ ಬೊಂಬೆಯಲ್ಲ, ಟ್ರ್ಯಾಕಿನಲ್ಲಿ ಓಡುವ ಕಾರು. ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಮೋಟರ್. ತಿರುವಿನಲ್ಲಿ ಎಡಕ್ಕೆಷ್ಟು ಬಲಕ್ಕೆಷ್ಟು ಟಾರ್ಕ್ ಎಂಬುದನ್ನು ಸಾಫ್ಟ್‌ವೇರ್ ಹಂಚುತ್ತದೆ. ಪರಿಕಲ್ಪನೆ ಎಂದರೆ ಅದು ಕಾಗದದಲ್ಲೇ ಉಳಿದಂತೆ ಕೇಳುತ್ತದೆ.

ಇಂಧನ ಕೋಶ ಸರಿ, ಆದರೆ ‘ಹೈಡ್ರೋಜನ್‌ನಿಂದ 500 ಕಿಲೊವ್ಯಾಟ್’ ಎಂದು ಎಲ್ಲೂ ಬರಬಾರದು. ಇಂಧನ ಕೋಶದ ಪಾಲು 85 ಕಿಲೊವ್ಯಾಟ್ ಮಾತ್ರ. ಪೂರ್ತಿ ಒತ್ತಿದಾಗ ಉಳಿದದ್ದು ಬ್ಯಾಟರಿಯಿಂದ ಬರುತ್ತದೆ. ನಿಧಾನಿಸಿದಾಗ ಕೋಶ ಬ್ಯಾಟರಿಯನ್ನು ತುಂಬುತ್ತದೆ. ಟ್ಯಾಂಕಿನಲ್ಲಿ 4.2 ಕಿಲೊ ಹೈಡ್ರೋಜನ್. ಕಿಲೊಗೆ 33.3 ಕಿಲೊವ್ಯಾಟ್ ಗಂಟೆಯಂತೆ ಸುಮಾರು 140 ಕಿಲೊವ್ಯಾಟ್ ಗಂಟೆ ಶಕ್ತಿ. ಕೋಶದ ದಕ್ಷತೆ ಕಳೆದು ಚಕ್ರಕ್ಕೆ ಸೇರುವುದು ಹೆಚ್ಚೆಂದರೆ ಅರ್ಧದ ಆಸುಪಾಸು. 600 ಕಿಲೊಮೀಟರ್‌ಗೂ ಮೀರಿದ ವ್ಯಾಪ್ತಿ ಎಂಬುದು ಎರಡೂ ಸೇರಿ. ಸಮಾಸಪಕ್ಷ ಹೇಳಿದ ಶಕ್ತಿ, ಸಾಮರ್ಥ್ಯ ಬೇರೆ ಬೇರೆ ಇರದಿದ್ದರೆ ಈ ಕಾರನ್ನು ವಿವರಿಸಲೇ ಆಗುವುದಿಲ್ಲ.

ಸಮಾಸಪಕ್ಷ:

ಹಾಗಾದರೆ ‘ಓಡುವ ಪ್ರಯೋಗಾಲಯ’. ಪೂರ್ವಪದ ‘ಓಡುವ’ ಕೃದಂತ (ಧಾತುವಿನಿಂದ ಆದ ಪದ), ಗಮಕಸಮಾಸಕ್ಕೆ ಅರಿಸಮಾಸದ ದೋಷವಿಲ್ಲ.

ಅಚ್ಚಗನ್ನಡ:

ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ನಿಯಮ ಹಿಡಿದು 2022ರ ಕಾರಿಗೆ ಹೆಸರಿಡುತ್ತಿದ್ದೀರಿ. ಓದುಗನಿಗೆ ‘ಪ್ರಯೋಗಾಲಯ’ ಹತ್ತಿರವೋ ‘ಒರೆಮನೆ’ ಹತ್ತಿರವೋ ಎಂಬುದು ಕೇಳ್ವಿ.

ಸಮಾಸಪಕ್ಷ:

ಪ್ರಯೋಗಾಲಯ. ಎಲ್ಲ ಪ್ರೌಢಶಾಲೆಯ ಬಾಗಿಲ ಮೇಲೂ ಬರೆದಿದೆ.

ಅಚ್ಚಗನ್ನಡ:

ಬರೆದವರು ಯಾರು ಎಂಬುದೇ ನನ್ನ ಮಾತು. ಇಂಗ್ಲಿಷ್ ತಂದರೆ ‘ಸಹಜ ಎರವಲು’, ಸಂಸ್ಕೃತ ತಂದರೆ ‘ಶಿಷ್ಟ’, ಕನ್ನಡದ ಬೇರಿನಿಂದ ಕಟ್ಟಿದರೆ ಮಾತ್ರ ‘ಯಾರಿಗೂ ತಿಳಿಯದು’. ಕೊರಿಯನ್ನರ ಕಾರಿನ ಬಗ್ಗೆ ಬರೆಯುತ್ತಿದ್ದೀರಿ, ಅವರನ್ನೇ ನೋಡಿ. ಹಾರ್ಸ್‌ಪವರ್‌ಗೆ ‘ಮಾರ್ಯಕ್’ ಎನ್ನುತ್ತಾರೆ, ಜಪಾನಿನವರು ‘ಬಾರಿಕಿ’. ಎರಡೂ ಕುದುರೆ ಮತ್ತು ಬಲ ಸೇರಿದ ಪದ. ಅವರಿಗೆ ನಾಚಿಕೆಯಾಗಲಿಲ್ಲ.

ಬೇರುನೋಟ:

ಆ ಎರಡೂ ಚೀನೀ ಬೇರಿನವು. ಚೀನೀ ಅವರಿಗೆ ನಮ್ಮ ಸಂಸ್ಕೃತ ಇದ್ದಂತೆ. ನೀವು ಕೊಟ್ಟ ಉದಾಹರಣೆ ‘ಅಶ್ವಶಕ್ತಿ’ಯ ಪರವಾಗಿದೆ, ‘ಕುದುರೆಕಸುವಿ’ನ ಪರವಾಗಿ ಅಲ್ಲ. ‘ಹ್ಯುಂಡೈ’ ಎಂಬ ಹೆಸರೂ ಚೀನೀ ಬೇರಿನದೇ, ಅರ್ಥ ‘ಆಧುನಿಕ’. ಅದೇ ಜನ ಸ್ಪೋರ್ಟ್ಸ್ ಕಾರನ್ನು ‘ಸುಪೊಚುಕಾ’ ಎಂದು ತಮ್ಮ ಲಿಪಿಯಲ್ಲಿ ಹಾಗೆಯೇ ಬರೆಯುತ್ತಾರೆ. ಎರವಲು ಮತ್ತು ಕಟ್ಟು ಎರಡೂ ಜೊತೆಗೇ ನಡೆಯುತ್ತವೆ. ‘ಕಾರು’ ಎಂದು ಉಕಾರ ಸೇರಿಸಿ ವಿಭಕ್ತಿ ಹಚ್ಚಿದ ದಿನವೇ ಆ ಪದ ನಮ್ಮದಾಯಿತು: ಕಾರನ್ನು, ಕಾರಿಗೆ, ಕಾರಿನ. ‘ರೆಟ್ರೊ’ ಮಾತ್ರ ಹಾಗೆ ಒಗ್ಗುವುದಿಲ್ಲ, ಒಕಾರಕ್ಕೆ ಕನ್ನಡ ನಾಮಪದದ ಕೊನೆಯಲ್ಲಿ ಜಾಗ ಕಡಿಮೆ. ಅದನ್ನು ಬದಲಿಸಿ ಎನ್ನುವುದಕ್ಕೆ ನನ್ನ ಕಾರಣ ಇದು.

ಅಚ್ಚಗನ್ನಡ:

ಚೀನೀ ಬೇರಾದರೂ ಓದುವ ಕೊರಿಯನ್ ಹುಡುಗನಿಗೆ ತಿಳಿಯುತ್ತದೆ. ‘ಅಶ್ವ’ವನ್ನು ನಮ್ಮ ಹುಡುಗ ಬಾಯಿಪಾಠ ಮಾಡುತ್ತಾನೆ. ಅಷ್ಟೇ ಹೇಳುವುದು.

ಫಲಕಬರಹ:

ದಯವಿಟ್ಟು ರೆಟ್ರೊ.

ವರ್ಕ್‌ಶಾಪ್:

ಒಂದು ಎಚ್ಚರ. ರೆಟ್ರೊ, ಕ್ಲಾಸಿಕ್, ವಿಂಟೇಜ್ ಮೂರೂ ಬೇರೆ. ವಿಂಟೇಜ್ ಎಂಬುದಕ್ಕೆ 2021ರಿಂದ ನಮ್ಮ ಮೋಟಾರು ವಾಹನ ನಿಯಮದಲ್ಲೇ ಅರ್ಥವಿದೆ: ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. ‘ಹಳೆಮೈಯ’ ಎಂದರೆ ಮೈ ಹಳೆಯದು, ತುಕ್ಕು ಹಿಡಿದದ್ದು ಎಂದಾಗುತ್ತದೆ. ರೆಟ್ರೊದಲ್ಲಿ ಲೋಹ ಹೊಸದು, ಗೆರೆ ಹಳೆಯದು.

ಇಲ್ಲಿ ಗೆರೆ ಯಾರದೆಂದು ಗೊತ್ತಿದೆ. ಜೊರ್ಜೆತ್ತೊ ಜುಜಾರೊ ರೂಪಿಸಿ 1974ರಲ್ಲಿ ತುರಿನ್ ಮೋಟಾರು ಪ್ರದರ್ಶನದಲ್ಲಿಟ್ಟ ಪೋನಿ ಕೂಪೆ. ಹೆಸರಿನ 74 ಅದೇ ವರ್ಷ. ಆ ಕೂಪೆ ಮಾರಾಟಕ್ಕೆ ಬರಲೇ ಇಲ್ಲ. ಝಡ್ ನೆನಪಿಸುವುದು 1969ರಲ್ಲಿ ಹೊರಬಂದು ರಸ್ತೆಯಲ್ಲಿ ಓಡಿದ ಮೊದಲ ಝಡ್ ಅನ್ನು, ಹಿಂದಿನ ದೀಪಗಳಲ್ಲಿ 300ಝಡ್‌ಎಕ್ಸ್ ಅನ್ನು. ಒಂದೇ ಪದದ ಕೆಳಗೆ ಎರಡು ಬಗೆಯ ನೆನಪು. ಹಾಗಾಗಿ ತಲೆಬರಹದಲ್ಲಿ ‘ರೆಟ್ರೊ’ ಇರಲಿ, ಕೆಳಗೆ ಒಂದೊಂದು ಸಾಲು ವಿವರ ಕೊಡಿ.

ಸಮಾಸಪಕ್ಷ:

ಒಪ್ಪಿದೆ. ‘ಪ್ರತಿಸ್ಪರ್ಧಿ’ಗೆ ಅಚ್ಚಗನ್ನಡದವರ ‘ಎದುರಾಳಿ’ಯೇ ಚೆನ್ನ. ‘ಆಳಿ’ ಮನುಷ್ಯರಿಗೆ ಮಾತ್ರ ಎಂದು ಯಾರಾದರೂ ತಕರಾರು ತೆಗೆದರೆ ‘ಎದುರಾಳಿ ತಂಡ’ ನೆನಪಿಸಿ. ‘ಉನ್ನತ ಕಾರ್ಯಕ್ಷಮತೆಯ’ ಪೂರ್ತಿ ಕಿತ್ತುಹಾಕಿ. ಮಿಕ್ಸಿಯ ಜಾಹೀರಾತಿನಲ್ಲೂ ಅದೇ ಇರುತ್ತದೆ.

ಫಲಕಬರಹ:

ಅಂತಿಮ ಪಾಠ:

“ರೆಟ್ರೊ ಸ್ಪೋರ್ಟ್ಸ್ ಕಾರು, ಅದರ ಎದುರಾಳಿಗಳು”
ಎನ್ ವಿಷನ್ 74: 1974ರ ಪೋನಿ ಕೂಪೆಯ ಗೆರೆಗಳ ಮೇಲೆ ಕಟ್ಟಿದ ಓಡುವ ಪ್ರಯೋಗಾಲಯ. ಮಾರಾಟಕ್ಕಿಲ್ಲ.
ಅಂಕಿಗಳ ಕ್ರಮ: ಎನ್ ವಿಷನ್ 74 / ಝಡ್ / ಸುಪ್ರಾ / ಟೈಕಾನ್
ಸಾಮರ್ಥ್ಯ (ಕಿಲೊವ್ಯಾಟ್): 500+ / 298 / 285 / 560*
ಟಾರ್ಕ್ (ನ್ಯೂಟನ್ ಮೀಟರ್): 900+ / 475 / 500 / 1,050*
ಎನ್ ವಿಷನ್ 74ರ ಬ್ಯಾಟರಿ ಹಿಡಿಯುವ ಶಕ್ತಿ: 62.4 ಕಿಲೊವ್ಯಾಟ್ ಗಂಟೆ. ಇಂಧನ ಕೋಶದ ಸಾಮರ್ಥ್ಯ: 85 ಕಿಲೊವ್ಯಾಟ್
*2019ರ ಟೈಕಾನ್ ಟರ್ಬೊ ಎಸ್, ಲಾಂಚ್ ಕಂಟ್ರೋಲ್‌ನಲ್ಲಿ

ವರ್ಕ್‌ಶಾಪ್:

ಝಡ್, ಸುಪ್ರಾ ಅಂಕಿಗಳಿಗೆ ‘ಅಮೆರಿಕ ಮಾರುಕಟ್ಟೆ’ ಎಂದು ಸೇರಿಸಿ. ಯುರೋಪಿನ ಸುಪ್ರಾ 340 ಪಿಎಸ್, ಅಂದರೆ 250 ಕಿಲೊವ್ಯಾಟ್. ಗೊತ್ತಿದ್ದವರು ಬಂದು ತಪ್ಪು ಹಿಡಿಯುತ್ತಾರೆ. ಫ್ಲೆಕ್ಸ್ ಅಂಗಡಿಗೆ ಪಠ್ಯ ಕಳಿಸಬೇಡಿ, ಅಕ್ಷರಗಳನ್ನು ಗೆರೆಯಾಗಿಸಿದ ಪಿಡಿಎಫ್ ಕಳಿಸಿ. ಯುನಿಕೋಡ್‌ನಿಂದ ಹಳೆಯ ಫಾಂಟಿಗೆ ಬದಲಿಸುವಾಗ ಒತ್ತಕ್ಷರ ತಡೆಯುವ ಗುರುತು ಬಿದ್ದುಹೋಗಿ ‘ಕಂಟ್ರೋಲ್‌ನಲ್ಲಿ’ ಹೋಗಿ ‘ಕಂಟ್ರೋಲ್ನಲ್ಲಿ’ ಆಗುತ್ತದೆ. ‘ಸ್ಪೋರ್ಟ್ಸ್’ನ ಅರ್ಕಾವೊತ್ತು ಜಾಗ ಬದಲಿಸುವುದೂ ಅಲ್ಲೇ.

ಬೇರುನೋಟ:

‘ವಿಹಾರ’ವನ್ನು ಇಷ್ಟು ಬೇಗ ಕೈಬಿಟ್ಟದ್ದನ್ನು ನಾನು ಒಪ್ಪುವುದಿಲ್ಲ. ಬೇರೆ ಎಳೆ ತೆರೆಯುತ್ತೇನೆ.