ಅಪ್‌ಡೇಟ್: ಅಮ್ಮನ ಹೊಟ್ಟೆ ಭಾರ, ರಕ್ತದ ಕೊಬ್ಬು
ಶುಗರ್ ಇರುವ ಅಮ್ಮನಿಗೆ ಊಟವಾಗಿ ಎಷ್ಟೋ ಹೊತ್ತಾದರೂ ಹೊಟ್ಟೆ ಭಾರ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಕೂಡ ಜಾಸ್ತಿ, ಎರಡಕ್ಕೂ ನಂಟಿದೆಯಾ ಅಂತ ಕೇಳಿದ್ದೆ. ಇದೆ ಅಂದರು ಡಾಕ್ಟರು.

ಹೊಟ್ಟೆ ಖಾಲಿಯಾಗುವ ವೇಗದ ಸ್ಕ್ಯಾನ್ ಆಯಿತು. 4 ಗಂಟೆಯ ನಂತರವೂ 10%ಗಿಂತ ಜಾಸ್ತಿ ಊಟ ಹೊಟ್ಟೆಯಲ್ಲೇ ಉಳಿದರೆ ನಿಧಾನ ಅಂತ ಲೆಕ್ಕ. ಅಮ್ಮನದು ಅದಕ್ಕಿಂತ ತುಂಬಾ ಮೇಲೆ. ಶುಗರ್‌ನಿಂದ ಹೊಟ್ಟೆಯ ಚಲನೆ ನಡೆಸುವ ವೇಗಸ್ ನರ ಸೊರಗಿದೆಯಂತೆ. ಊಟ ಕರುಳಿಗೆ ತಡವಾಗಿ ಇಳಿದರೆ ಕೊಬ್ಬೂ ರಕ್ತಕ್ಕೆ ತಡವಾಗಿ ಸೇರುತ್ತದೆ. ಇನ್ಸುಲಿನ್ ಕೆಲಸ ಕುಂದಿದ್ದರೆ ಅದು ರಕ್ತದಿಂದ ಬೇಗ ಹೋಗುವುದೂ ಇಲ್ಲ.

ನನಗೆ ಹೆದರಿಕೆಯಾಗಿದ್ದು ಬೇರೆ. ಊಟ ಇನ್ನೂ ಹೊಟ್ಟೆಯಲ್ಲೇ ಇರುವಾಗ ಇನ್ಸುಲಿನ್ ಕೆಲಸ ಶುರುವಾಗಿ ಶುಗರ್ ಕುಸಿಯುತ್ತಿತ್ತು! ಡಾಕ್ಟರೇ ಇನ್ಸುಲಿನ್ ಹೊತ್ತು ಬದಲಿಸಿದ್ದಾರೆ. ಸುಮ್ನೆ ನೀವೇ ಬದಲಿಸಬೇಡಿ. ಈಗ ಸ್ವಲ್ಪ ಸ್ವಲ್ಪವೇ, ಕೊಬ್ಬು ಕಮ್ಮಿ ಇರುವ ಊಟ. ಹೊಟ್ಟೆ ಹಗುರ ಅಂತಾರೆ ಅಮ್ಮ. ಟ್ರೈಗ್ಲಿಸರೈಡ್ ಮತ್ತೆ ನೋಡಿಸಬೇಕು.