ಸೇಡಿನ ಬೆಲೆ ತೋರಿಸುವ ವೆಸ್ಟರ್ನ್ ಚಿತ್ರ ಯಾವುದು?

ಪ್ರಶ್ನೆ (ತುಮಕೂರಿನಿಂದ): ನಾವು ಕೆಲವು ಗೆಳೆಯರು ಇಲ್ಲಿ ತುಮಕೂರಿನಲ್ಲಿ ಸೇರಿ ಒಂದು ವೆಸ್ಟರ್ನ್ (ಅಮೆರಿಕದ ಹಳೆಯ ಪಶ್ಚಿಮ ಗಡಿನಾಡಿನ ಕಥೆಯ) ಚಿತ್ರ ನೋಡಿ ಚರ್ಚಿಸಬೇಕೆಂದಿದ್ದೇವೆ. ಕಾನೂನು ಇನ್ನೂ ಬೇರೂರದ ಊರುಗಳಲ್ಲಿ ಅನ್ಯಾಯಕ್ಕೊಳಗಾದವರೇ ಬಂದೂಕು ಹಿಡಿಯುವ ಕಥೆಗಳು ಬೇಕಾದಷ್ಟಿವೆ. ಆದರೆ ಸೇಡನ್ನು ವೈಭವೀಕರಿಸದೆ ಅದರ ಬೆಲೆಯನ್ನೂ ತೋರಿಸುವ ಚಿತ್ರ ಯಾವುದು?

ಉತ್ತರ (ಕೋಲಾರ): 1992ರ ‘ಅನ್‌ಫರ್ಗಿವನ್’ ನೋಡಿ. ಹೆಣ್ಣೊಬ್ಬಳ ಮುಖ ಕೊಯ್ದ ಪ್ರಕರಣದಲ್ಲಿ ಶೆರಿಫ್ (ಊರಿನ ಕಾನೂನು ಪಾಲಕ ಅಧಿಕಾರಿ) ಕುದುರೆಗಳ ದಂಡ ವಿಧಿಸಿ, ಅವನ್ನೂ ಸಲೂನಿನ (ಅಲ್ಲಿನ ಮದ್ಯದಂಗಡಿಯ) ಮಾಲೀಕನಿಗೇ ಕೊಡಿಸುತ್ತಾನೆ. ನೊಂದವಳಿಗೆ ಏನೂ ದಕ್ಕದ ಆ ತೀರ್ಪಿನಿಂದಲೇ ಮುಂದಿನ ಕೊಲೆಗಳೆಲ್ಲ ಹುಟ್ಟುತ್ತವೆ. ಕೊಲೆಗಾರನೆಂದು ಬೀಗುತ್ತಿದ್ದ ಹುಡುಗ, ನಿಜವಾಗಿ ಒಬ್ಬನನ್ನು ಕೊಂದ ಮೇಲೆ ಮರದಡಿ ವಿಸ್ಕಿ ಕುಡಿಯುತ್ತಾ ಬಿಕ್ಕುವ ದೃಶ್ಯ, ನನ್ನ ಮಟ್ಟಿಗೆ, ಈ ಪ್ರಕಾರದಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು.

ಉತ್ತರ (ಚಿಕ್ಕಬಳ್ಳಾಪುರ): ಒಪ್ಪುತ್ತೇನೆ, ಆದರೂ ಅದರ ಕೊನೆಯ ಗುಂಡಿನ ಕಾಳಗ ನೋಡುಗನ ರಕ್ತವನ್ನೂ ಬಿಸಿ ಮಾಡುತ್ತದೆ. ಚರ್ಚೆಗೆ 2010ರ ‘ಟ್ರೂ ಗ್ರಿಟ್’ ಹೆಚ್ಚು ಸೂಕ್ತ. 14 ವರ್ಷದ ಹುಡುಗಿ ತಂದೆಯ ಕೊಲೆಗಾರನಿಗೆ ಗುಂಡು ಹೊಡೆದ ಕ್ಷಣದಲ್ಲೇ ಬಂದೂಕಿನ ಹೊಡೆತಕ್ಕೆ ಹಿಂದಕ್ಕೆ ಉರುಳಿ, ಹಾವುಗಳಿದ್ದ ಗುಂಡಿಗೆ ಬಿದ್ದು, ಕೊನೆಗೆ ತೋಳನ್ನೇ ಕಳೆದುಕೊಳ್ಳುತ್ತಾಳೆ.

ತುಮಕೂರಿನಿಂದ: ಧನ್ಯವಾದಗಳು. ಮೊದಲು ‘ಅನ್‌ಫರ್ಗಿವನ್’ ನೋಡುತ್ತೇವೆ. ಆ ಕುದುರೆಗಳ ತೀರ್ಪಿನಿಂದಲೇ ಚರ್ಚೆ ಆರಂಭಿಸುತ್ತೇವೆ.