ನಾನು ಆರೋಗ್ಯವಾಗಿದ್ದೇನೆ, ಬೇರೆಯವರ ಆಸ್ಪತ್ರೆ ಬಿಲ್ಲಿಗೆ ನನ್ನ ತೆರಿಗೆ ಯಾಕೆ?

ಓಟಗಾರ34

ನೇರವಾಗಿ ಕೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರ ಚಿಕಿತ್ಸೆಯ ಖರ್ಚನ್ನೂ ಸರ್ಕಾರವೇ ನೋಡಿಕೊಳ್ಳಬೇಕು, ಅದಕ್ಕೆ ದುಡ್ಡು ತೆರಿಗೆಯಿಂದ ಬರಬೇಕು ಅನ್ನುವ ವಾದವನ್ನು ತುಂಬಾ ದಿನದಿಂದ ಓದುತ್ತಾ ಇದ್ದೇನೆ. ಕೇಳಲು ಚೆನ್ನಾಗಿದೆ. ಆದರೆ ನನ್ನ ಕಡೆಯಿಂದಲೂ ಸ್ವಲ್ಪ ನೋಡಿ. ನನಗೆ 34 ವರ್ಷ. ಸಿಗರೇಟು, ಕುಡಿತ ಯಾವುದೂ ಇಲ್ಲ. ದಿನಾ ಬೆಳಿಗ್ಗೆ ಓಡುತ್ತೇನೆ. ಕಳೆದ 8 ವರ್ಷದಲ್ಲಿ ಡಾಕ್ಟರ ಹತ್ತಿರ ಹೋಗಿದ್ದು ಒಂದೇ ಸಲ, ಅದೂ ಕಾಲು ಉಳುಕಿ. ಸಂಬಳ ಕೈಗೆ ಸಿಗುವ ಮೊದಲೇ ತೆರಿಗೆ ಹಿಡಿದುಕೊಳ್ಳುತ್ತಾರೆ. ಅದರ ಮೇಲೆ ಇನ್ನೂ ಜಾಸ್ತಿ ಕೊಟ್ಟು, ಆರೋಗ್ಯದ ಬಗ್ಗೆ ಕಾಳಜಿಯೇ ಇಲ್ಲದೆ ಬದುಕಿದವರ ಬಿಲ್ಲನ್ನು ನಾನ್ಯಾಕೆ ಕಟ್ಟಬೇಕು?

ಇನ್ನೊಂದು ಅನುಮಾನ. ಬಿಟ್ಟಿ ಅಂದರೆ ಜನ ಸುಮ್ ಸುಮ್ನೆ ಬರುವುದಿಲ್ವಾ? ನೆಗಡಿಗೂ ಡಾಕ್ಟರು, ತಲೆನೋವಿಗೂ ಸ್ಕ್ಯಾನು ಅಂತಾದರೆ ನಿಜವಾಗಿ ಕಾಯಿಲೆ ಬಿದ್ದವರು ಕ್ಯೂನಲ್ಲಿ ಹಿಂದೆ ಉಳಿಯುತ್ತಾರೆ. ಅದರ ಬದಲು ಅವರವರ ಇನ್ಶೂರೆನ್ಸ್ ಅವರವರೇ ಮಾಡಿಸಿಕೊಂಡು, ತೀರಾ ಬಡವರಿಗೆ ಮಾತ್ರ ಸರ್ಕಾರ ಕೊಟ್ಟರೆ ಸಾಲದಾ? ಜಗಳಕ್ಕೆ ಬಂದಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿದೆ ಅಂತ ಯಾರಾದರೂ ತೋರಿಸಿದರೆ ಒಪ್ಪಿಕೊಳ್ಳುತ್ತೇನೆ.

ಔಷಧಿ ಕೌಂಟರ್

ಲೆಕ್ಕ ಬಲ್ಲವರು ಲೆಕ್ಕ ಹೇಳಲಿ, ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ಖಾಸಗಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ 6 ವರ್ಷ ಕೆಲಸ ಮಾಡಿದ್ದೇನೆ. ಚೀಟಿ ಕೊಟ್ಟವರು ಮೊದಲು ಕೇಳುವುದು "ಒಟ್ಟು ಎಷ್ಟಾಗುತ್ತೆ?" ಅಂತ. ಮೊತ್ತ ಹೇಳಿದ ಮೇಲೆ ಕೆಲವರು ಸ್ವಲ್ಪ ಹೊತ್ತು ಏನೂ ಮಾತಾಡುತ್ತಿರಲಿಲ್ಲ. ಆಮೇಲೆ ಎರಡನೇ ಪ್ರಶ್ನೆ ಬರುತ್ತಿತ್ತು: "ಮೇಡಂ, ಇದರಲ್ಲಿ ಯಾವುದು ತೀರಾ ಬೇಕು, ಯಾವುದನ್ನು ಬಿಡಬಹುದು?"

ವಯಸ್ಸಾದವರೊಬ್ಬರು ಈಗಲೂ ನೆನಪಿದ್ದಾರೆ. ಬಿಪಿ, ಶುಗರ್ ಎರಡೂ ಇತ್ತು. ಡಾಕ್ಟರು 30 ದಿನಕ್ಕೆ ಬರೆದರೆ ಇವರು 15 ದಿನದ ಮಾತ್ರೆ ಕೇಳುತ್ತಿದ್ದರು. ನಾನು ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದೆ. "ದಿನ ಬಿಟ್ಟು ದಿನ ತಗೊಂಡರೆ ತಿಂಗಳು ಬರುತ್ತೆ ಅಲ್ವಾ?" ಅಂತ ಒಂದು ಸಲ ನನ್ನನ್ನೇ ಕೇಳಿದರು. ದಯವಿಟ್ಟು ಹಾಗೆ ಮಾಡಬೇಡಿ ಅಂದೆ. ತಲೆ ಆಡಿಸಿದರು. ಆ ತುಂಡನ್ನು ಬಿಲ್ಲಿನ ಕಾಗದದಲ್ಲೇ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ಎರಡು ವರ್ಷ ಆದ ಮೇಲೆ ಅವರ ಮಗ ಬಂದ. ಅಪ್ಪನಿಗೆ ಲಕ್ವ ಹೊಡೆದು ಐಸಿಯುನಲ್ಲಿದ್ದರು. ಆ ಐಸಿಯುನ ಒಂದು ದಿನದ ಬಿಲ್ಲಿನಲ್ಲಿ ಅವರಿಗೆ ವರ್ಷಗಟ್ಟಲೆ ಮಾತ್ರೆ ಬರುತ್ತಿತ್ತು.

ಬಿಟ್ಟಿ ಸಿಕ್ಕರೆ ಸುಮ್ನೆ ಬರುವವರ ಬಗ್ಗೆ ನೀವು ಕೇಳಿದಿರಿ. ಇರಬಹುದು. ನಾನು ದಿನಾ ನೋಡಿದ್ದು ಮಾತ್ರ ಬರಬೇಕಾದವರು ಬರದೇ ಇದ್ದದ್ದನ್ನು, ಬಂದವರು ಅರ್ಧ ಔಷಧಿ ತಗೊಂಡು ಹೋಗಿದ್ದನ್ನು.

ಲೆಕ್ಕದ ಪುಸ್ತಕ

ಓಟಗಾರರೇ, ಪ್ರಶ್ನೆ ಚೆನ್ನಾಗಿದೆ, ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ. ನಿಮ್ಮ ಲೆಕ್ಕದಲ್ಲಿ ತಪ್ಪಿರುವುದು ಶುರುವಿನಲ್ಲೇ. "ಇನ್ನೂ ಜಾಸ್ತಿ ಕೊಟ್ಟು" ಅಂದಿರಿ. ಜಾಸ್ತಿ ಅನ್ನುವುದು ಯಾವುದಕ್ಕೆ ಹೋಲಿಸಿ? ಒಂದು ದೇಶದ ಜನ ಚಿಕಿತ್ಸೆಗೆ ಮೂರು ದಾರಿಯಲ್ಲಿ ದುಡ್ಡು ಕೊಡುತ್ತಾರೆ: ತೆರಿಗೆ, ಪ್ರೀಮಿಯಂ, ಜೇಬು. ಒಂದು ದಾರಿ ಮುಚ್ಚಿದರೆ ಖರ್ಚು ಇನ್ನೊಂದು ದಾರಿಗೆ ಬರುತ್ತದೆ, ಮಾಯ ಆಗುವುದಿಲ್ಲ. ತೆರಿಗೆ ಏರಿತು ಅಂತ ಮಾತ್ರ ನೋಡಿ, ಪ್ರೀಮಿಯಂ ಇಳಿದದ್ದನ್ನು ಬರೆದುಕೊಳ್ಳದಿದ್ದರೆ ಅದು ಅರ್ಧ ಲೆಕ್ಕ.

ಅಮೆರಿಕ ಮತ್ತು ಬ್ರಿಟನ್ ನೋಡಿ. ಬ್ರಿಟನ್ನಿನಲ್ಲಿ 1948ರ ಜುಲೈ 5ರಿಂದ ಎಲ್ಲರಿಗೂ ಚಿಕಿತ್ಸೆ ಕೊಡುವ ಸರ್ಕಾರಿ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್ ಇದೆ, ಅದಕ್ಕೆ ದುಡ್ಡು ಹೆಚ್ಚಾಗಿ ಸಾಮಾನ್ಯ ತೆರಿಗೆಯಿಂದಲೇ. ದೇಶದ ಒಟ್ಟು ಆದಾಯದಲ್ಲಿ ಆರೋಗ್ಯಕ್ಕೆ ಹೋಗುವುದು ಎಲ್ಲ ಸೇರಿ ಸುಮಾರು 11%. ಅಮೆರಿಕದಲ್ಲಿ ದುಡಿಯುವ ವಯಸ್ಸಿನವರಲ್ಲಿ ಹೆಚ್ಚಿನವರಿಗೆ ಖಾಸಗಿ ಇನ್ಶೂರೆನ್ಸ್, ಅಲ್ಲಿ ಹೋಗುವುದು ಸುಮಾರು 17%. ಅಷ್ಟಾದರೂ ಎರಡೂವರೆ ಕೋಟಿಗಿಂತ ಜಾಸ್ತಿ ಜನರಿಗೆ ಇನ್ಶೂರೆನ್ಸೇ ಇಲ್ಲ. ಇನ್ನೂ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ವಯಸ್ಸಾದವರು ಮತ್ತು ಬಡವರಿಗಾಗಿ ಅಮೆರಿಕದ ಸರ್ಕಾರ ಮಾಡುವ ಆರೋಗ್ಯದ ಖರ್ಚನ್ನೇ ಇಡೀ ದೇಶದ ಜನರಿಗೆ ತಲೆಗೆ ಇಷ್ಟು ಅಂತ ಹಂಚಿ ನೋಡಿದರೆ, ಅದೊಂದೇ ಬ್ರಿಟನ್ ಸರ್ಕಾರ ಆರೋಗ್ಯಕ್ಕೆ ತಲೆಗೆ ಮಾಡುವ ಖರ್ಚಿಗಿಂತ ಜಾಸ್ತಿ. ಅಂದರೆ ಅಲ್ಲಿನವರು ತೆರಿಗೆಯಲ್ಲೂ ಕೊಡುತ್ತಾರೆ, ಪ್ರೀಮಿಯಂ ಮತ್ತೆ ಕಟ್ಟುತ್ತಾರೆ.

ಯಾಕೆ ಹೀಗೆ? ಒಂದು ಕಾರಣ ಕಾಗದಪತ್ರ. ಹತ್ತಾರು ಕಂಪನಿ, ಒಂದೊಂದಕ್ಕೂ ಬೇರೆ ಫಾರಂ, ಬೇರೆ ನಿಯಮ. ಕ್ಲೇಮು ಕಳಿಸಲು ಆಸ್ಪತ್ರೆಯಲ್ಲಿ ಒಂದು ಗುಂಪು, ಅದನ್ನು ತಿರಸ್ಕರಿಸಲು ಕಂಪನಿಯಲ್ಲಿ ಇನ್ನೊಂದು ಗುಂಪು. ಎರಡೂ ಗುಂಪಿಗೆ ಸಂಬಳ ನಿಮ್ಮದೇ ದುಡ್ಡು. ಇನ್ನೊಂದು ಕಾರಣ ಬೆಲೆ. ಕೊಳ್ಳುವವನು ಒಬ್ಬನೇ ಆದರೆ ಚೌಕಾಸಿಗೆ ಬಲ ಬರುತ್ತದೆ. ನ್ಯೂಜಿಲೆಂಡ್ 1993ರಲ್ಲಿ ಫಾರ್ಮಾಕ್ ಅನ್ನುವ ಸಂಸ್ಥೆ ಮಾಡಿ ಇಡೀ ದೇಶಕ್ಕೆ ಬೇಕಾದ ಔಷಧಿಯ ಬೆಲೆಯನ್ನು ಅದರ ಮೂಲಕವೇ ಕುದುರಿಸಲು ಶುರು ಮಾಡಿತು. ಕಾಯಿಲೆ ಬಿದ್ದು ಮಲಗಿದ ಒಬ್ಬ ಮನುಷ್ಯ ಕೌಂಟರಿನಲ್ಲಿ ನಿಂತು ಚೌಕಾಸಿ ಮಾಡಲು ಆಗುತ್ತದಾ?

ಇನ್ನು ಅವರವರ ಇನ್ಶೂರೆನ್ಸ್ ಅವರವರೇ ಮಾಡಿಸಿಕೊಳ್ಳುವ ಮಾತು. ನಿಮ್ಮಂಥ ಆರೋಗ್ಯವಂತರು "ನನಗೆ ಬೇಡ" ಅಂತ ಹೊರಗೆ ಉಳಿದರೆ ಒಳಗೆ ಉಳಿಯುವವರು ಕಾಯಿಲೆಯವರೇ. ಪ್ರೀಮಿಯಂ ಏರುತ್ತದೆ. ಏರಿದ ಮೇಲೆ ಇನ್ನಷ್ಟು ಗಟ್ಟಿಮುಟ್ಟಾದವರು ಬಿಟ್ಟು ಹೋಗುತ್ತಾರೆ, ಮತ್ತೆ ಏರುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಕಂಪನಿ ಹಳೇ ಕಾಯಿಲೆ ಇದ್ದವರನ್ನು ದೂರ ಇಡಲು ನೋಡುತ್ತದೆ. ಉಳಿದ ಸರಕಿನ ಮಾರುಕಟ್ಟೆಯ ಹಾಗೆ ಚಿಕಿತ್ಸೆಯ ಮಾರುಕಟ್ಟೆ ಯಾಕೆ ನಡೆಯುವುದಿಲ್ಲ ಅಂತ ಕೆನೆತ್ ಆರೋ ಅನ್ನುವ ಅರ್ಥಶಾಸ್ತ್ರಜ್ಞರು 1963ರಲ್ಲೇ ಬರೆದಿದ್ದಾರೆ. ಇಂದು ನಿಮಗೆ 34. ಪ್ರೀಮಿಯಂ ಕಡಿಮೆ. 64ಕ್ಕೆ ಇದೇ ಕಂಪನಿ ನಿಮ್ಮನ್ನು ಯಾವ ಬೆಲೆಗೆ ಒಳಗೆ ಬಿಟ್ಟುಕೊಳ್ಳುತ್ತದೆ ಅಂತ ಒಮ್ಮೆ ವಿಚಾರಿಸಿ ನೋಡಿ.

"ಬಿಟ್ಟಿ ಅಂದರೆ ಸುಮ್ನೆ ಬರುತ್ತಾರೆ" ಅನ್ನುವುದರಲ್ಲಿ ಸ್ವಲ್ಪ ನಿಜ ಇದೆ, ಇಲ್ಲ ಅನ್ನುವುದಿಲ್ಲ. ಅಮೆರಿಕದಲ್ಲಿ ರಾಂಡ್ ಅನ್ನುವ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಸಾವಿರಾರು ಕುಟುಂಬಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿತು. ಕೆಲವರಿಗೆ ಪೂರ್ತಿ ಉಚಿತ, ಕೆಲವರಿಗೆ ಬಿಲ್ಲಿನ ಒಂದು ಪಾಲು ಅವರದೇ. ಕೈಯಿಂದ ಕೊಡಬೇಕಾದವರು ಆಸ್ಪತ್ರೆಗೆ ಹೋಗುವುದು ಸಾಕಷ್ಟು ಕಡಿಮೆಯಾಯಿತು, ಮತ್ತು ಹೆಚ್ಚಿನವರ ಆರೋಗ್ಯ ಅದರಿಂದ ಕೆಡಲಿಲ್ಲ. ಆದರೆ ಅವರು ಬಿಟ್ಟದ್ದು ಬೇಡದ ಚಿಕಿತ್ಸೆ ಮಾತ್ರ ಅಲ್ಲ, ಬೇಕಾದದ್ದನ್ನೂ ಅಷ್ಟೇ ಬಿಟ್ಟರು. ಬಡವರಲ್ಲಿ ಬಿಪಿ ಇದ್ದವರಿಗೆ ಉಚಿತ ಚಿಕಿತ್ಸೆಯಿಂದಲೇ ಒಳ್ಳೆಯದಾಯಿತು. ಮೇಲೆ ಔಷಧಿ ಕೌಂಟರ್ ಮೇಡಂ ಹೇಳಿದ ಅಜ್ಜ ಇದೇ ಗುಂಪಿನವರು. ಜರ್ಮನಿಯೂ 2004ರಲ್ಲಿ ಮೂರು ತಿಂಗಳಿಗೆ 10 ಯೂರೋ ಡಾಕ್ಟರ್ ಶುಲ್ಕ ತಂದು ನೋಡಿತು. 2012ರ ಕೊನೆಗೆ ತೆಗೆದುಹಾಕಿತು.

ಕಾಳಜಿ ಇಲ್ಲದೆ ಬದುಕಿದವರ ಬಗ್ಗೆ ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಅದಕ್ಕೂ ದಾರಿ ಇದೆ, ತಂಬಾಕು ಮತ್ತು ಮದ್ಯದ ಮೇಲಿನ ತೆರಿಗೆ. ಥಾಯ್ಲೆಂಡಿನಲ್ಲಿ 2001ರಿಂದ ಅವೆರಡರ ಸುಂಕದ ಮೇಲೆ 2% ಹೆಚ್ಚುವರಿ ವಸೂಲಿ ಮಾಡಿ ಆರೋಗ್ಯ ಪ್ರಚಾರಕ್ಕೆ ಹಾಕುತ್ತಾರೆ. ಸೇದುವವನು ಪ್ಯಾಕೆಟ್ ಕೊಳ್ಳುವಾಗಲೇ ಕೊಟ್ಟಿರುತ್ತಾನೆ. ಆದರೆ ಒಂದು ಮಾತು: ಹುಟ್ಟುವಾಗಲೇ ಹೃದಯದಲ್ಲಿ ತೂತಿರುವ ಮಗು ಯಾವ ಎಚ್ಚರ ತಪ್ಪಿತ್ತು?

ಕಿಟಕಿ ಪಕ್ಕ

ನಾನು ತೆರಿಗೆಯ ಪರವೇ. ಆದರೂ ಇಲ್ಲಿ ಯಾರೂ ಕಾಯುವ ಸಂಕಟದ ಬಗ್ಗೆ ಬಾಯಿ ಬಿಡಲಿಲ್ಲ, ಹಾಗಾಗಿ ಹೇಳಲೇಬೇಕು. ತೆರಿಗೆಯಿಂದಲೇ ಎಲ್ಲ ನಡೆಯುವ ಒಂದು ದೇಶದಲ್ಲಿ ನಾವಿದ್ದಾಗ ಅಪ್ಪನಿಗೆ ಸೊಂಟದ ಕೀಲು ಸವೆಯಿತು. ಆಪರೇಷನ್ ಬೇಕು ಅಂದರು. ದುಡ್ಡು ಒಂದು ಕಾಸೂ ಬೇಡ. ದಿನಾಂಕ ಸಿಕ್ಕಿದ್ದು 14 ತಿಂಗಳ ಮೇಲೆ. ಅಪ್ಪ ಮೆಟ್ಟಿಲು ಹತ್ತಲಾರದೆ ಹೋದಾಗ ಮಂಚವನ್ನು ಕೆಳಗಿನ ಕೋಣೆಗೆ ತಂದೆವು. ರಾತ್ರಿ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುತ್ತಿದ್ದರು, ಪಕ್ಕದ ಕೋಣೆಗೆ ಕೇಳುತ್ತಿತ್ತು. ಫೋನ್ ಮಾಡಿದರೆ "ನೀವು ಲಿಸ್ಟಿನಲ್ಲಿದ್ದೀರಿ" ಅನ್ನುವ ಒಂದೇ ಉತ್ತರ. ಆಪರೇಷನ್ ಚೆನ್ನಾಗಿಯೇ ಆಯಿತು, ನರ್ಸ್‌ಗಳು ಮನೆಯವರ ಹಾಗೆ ನೋಡಿಕೊಂಡರು, ಬಿಲ್ ಅನ್ನುವ ಪದವೇ ಕೇಳಲಿಲ್ಲ. ಆದರೆ ಆ 14 ತಿಂಗಳೂ ಒಂದು ಬೆಲೆಯೇ ಅಲ್ವಾ? ಕಟ್ಟಿದ್ದು ಅಪ್ಪ ಒಬ್ಬರೇ.

ಇದು ನಮ್ಮೊಬ್ಬರ ಕಥೆ ಅಲ್ಲ. ಇಂಗ್ಲೆಂಡಿನಲ್ಲಿ 18 ವಾರದೊಳಗೆ ಚಿಕಿತ್ಸೆ ಶುರು ಮಾಡಬೇಕು ಅನ್ನುವ ಗುರಿ ಇದೆ. 2016ರಿಂದ ಅದನ್ನು ಮುಟ್ಟಿಲ್ಲ. 2023ರಲ್ಲಿ ಕಾಯುತ್ತಿದ್ದ ಚಿಕಿತ್ಸೆಗಳ ಪಟ್ಟಿ 75 ಲಕ್ಷ ದಾಟಿತ್ತು.

ಹಾಗಂತ ಇದನ್ನು ತೋರಿಸಿ "ನೋಡಿ, ಸರ್ಕಾರಿ ಪದ್ಧತಿ ಹೀಗೇ" ಅನ್ನುವವರ ಜೊತೆ ನಾನಿಲ್ಲ. ಪಟ್ಟಿ ಉದ್ದ ಆಗುವುದು ಹಾಸಿಗೆ, ಡಾಕ್ಟರು, ನರ್ಸು ಸಾಲದಾಗ. ಅವರು ಸಾಲದೇ ಹೋಗುವುದು ಬಜೆಟ್ಟಿನಲ್ಲಿ ಕತ್ತರಿ ಹಾಕಿದಾಗ. ತೆರಿಗೆ ದುಡ್ಡಿನ ದೊಡ್ಡ ಅಪಾಯ ಇದೇ, ಅದು ಪ್ರತಿ ವರ್ಷ ರಸ್ತೆ, ಸೈನ್ಯ, ಶಾಲೆಗಳ ಜೊತೆ ಪೈಪೋಟಿ ಮಾಡಬೇಕು. ಖಜಾನೆಗೆ ಕಷ್ಟ ಬಂದ ವರ್ಷ ಯಾವ ಮಂತ್ರಿ ಬೇಕಾದರೂ ಸದ್ದಿಲ್ಲದೆ ಸ್ವಲ್ಪ ಕತ್ತರಿಸಬಹುದು. ಆ ಕತ್ತರಿ ಎರಡು ಮೂರು ವರ್ಷ ಆದಮೇಲೆ ಯಾರದೋ ಸೊಂಟದಲ್ಲಿ ಕಾಣುತ್ತದೆ. ಅದಕ್ಕೇ ಆರೋಗ್ಯದ ದುಡ್ಡನ್ನು ಬೇರೆ ಎತ್ತಿಡಬೇಕು ಅಂತ ನನ್ನ ಹಠ. ಘಾನಾ ದೇಶದಲ್ಲಿ ಸರಕು, ಸೇವೆಗಳ ಮೇಲೆ 2.5% ಅಂತ ಆರೋಗ್ಯ ವಿಮೆಯ ಹೆಸರಿನಲ್ಲೇ ವಸೂಲಿ ಮಾಡುತ್ತಾರೆ. ಜರ್ಮನಿ 1883ರಿಂದ ಇನ್ನೊಂದು ದಾರಿ ಹಿಡಿದಿದೆ, ಸಂಬಳದ ಒಂದು ಪಾಲನ್ನು ಕೆಲಸಗಾರ ಮತ್ತು ಮಾಲೀಕ ಸೇರಿ ಆರೋಗ್ಯ ನಿಧಿಗೆ ಕಟ್ಟುತ್ತಾರೆ. ಅದು ನೇರವಾಗಿ ಖಜಾನೆಗೆ ಹೋಗುವುದಿಲ್ಲ. ಕೆಲಸ ಇಲ್ಲದವರು, ದಿನಗೂಲಿಯವರು ಜಾಸ್ತಿ ಇರುವ ದೇಶದಲ್ಲಿ ಮಾತ್ರ ಇದು ಕಷ್ಟ. ಸಂಬಳದ ಚೀಟಿಯೇ ಇಲ್ಲದವರ ಹತ್ತಿರ ಯಾವುದರಲ್ಲಿ ಹಿಡಿದುಕೊಳ್ಳುತ್ತೀರಿ?

ಓಟಗಾರ34

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. 64ರ ಮಾತು ತಾಗಿತು. ನಿನ್ನೆ ಅಮ್ಮನ ವಯಸ್ಸು ಹಾಕಿ ಪ್ರೀಮಿಯಂ ನೋಡಿದೆ, ನನ್ನದರ ಐದು ಪಟ್ಟಿಗೂ ಜಾಸ್ತಿ ಇತ್ತು, ಅದರಲ್ಲೂ ಮಂಡಿಗೆ ಸಂಬಂಧಿಸಿದ್ದು ಮೊದಲ ಕೆಲವು ವರ್ಷ ಸಿಗುವುದಿಲ್ಲವಂತೆ. ಅಮ್ಮನಿಗೆ ಬೇಕಿರುವುದೇ ಅದು.

ಆದರೂ ಎರಡು ಪ್ರಶ್ನೆ ಉಳಿದಿವೆ. ಬಡವರಿಗೆ ಮಾತ್ರ ಕೊಟ್ಟರೆ ಏನು ತಪ್ಪು ಅಂತ ಯಾರೂ ಹೇಳಲಿಲ್ಲ. ಮತ್ತೆ, "ಎಲ್ಲ ಚಿಕಿತ್ಸೆ" ಅಂದರೆ ಎಲ್ಲಿಯವರೆಗೆ? ಹಲ್ಲು? ಕನ್ನಡಕ?

ಲೆಕ್ಕದ ಪುಸ್ತಕ

ಬಡವರಿಗೆ ಮಾತ್ರ ಅಂದ ಕೂಡಲೇ ಎಲ್ಲೋ ಒಂದು ಗೆರೆ ಎಳೆಯಬೇಕು. ಗೆರೆಗಿಂತ ಸ್ವಲ್ಪ ಮೇಲಿರುವವನು ಒಂದು ದೊಡ್ಡ ಕಾಯಿಲೆಗೆ ಗೆರೆಯ ಕೆಳಗೆ ಬರುತ್ತಾನೆ. ಆಗ ಅವನು ತನ್ನ ಬಡತನ ಸಾಬೀತು ಮಾಡಲು ಕಾಗದ ಹಿಡಿದು ಓಡಾಡಬೇಕು, ಅದೂ ಮನೆಯವರು ಆಸ್ಪತ್ರೆಯಲ್ಲಿರುವಾಗ. ಇನ್ನೂ ಒಂದಿದೆ. ನಿಮ್ಮಂಥವರು, ಓದಿದವರು, ದೂರು ಬರೆಯಲು ಗೊತ್ತಿರುವವರು ಅದೇ ವಾರ್ಡಿನಲ್ಲಿ ಮಲಗಿದರೆ ಮಾತ್ರ ಆ ವಾರ್ಡಿನ ನಲ್ಲಿ ರಿಪೇರಿ ಆಗುತ್ತದೆ. ಥಾಯ್ಲೆಂಡ್ 2002ರಲ್ಲಿ, ಶ್ರೀಮಂತ ದೇಶ ಅಲ್ಲದಿದ್ದರೂ, ನೌಕರರ ಯೋಜನೆಗಳಿಂದ ಹೊರಗಿದ್ದ ಎಲ್ಲರನ್ನೂ ತೆರಿಗೆ ದುಡ್ಡಿನಲ್ಲಿ ಒಂದೇ ಯೋಜನೆಗೆ ತಂದಿತು. ಒಂದು ಭೇಟಿಗೆ ಅಲ್ಲಿನ ದುಡ್ಡಿನಲ್ಲಿ 30 ಬಾಟ್, ಬಡವರಿಗೆ ಅದೂ ಇಲ್ಲ. ನೀನು ಎಷ್ಟು ಬಡವ ಅಂತ ಕೇಳಿ ಬಾಗಿಲಲ್ಲಿ ನಿಲ್ಲಿಸಲಿಲ್ಲ.

ಹಲ್ಲು, ಕನ್ನಡಕದ ಜಗಳ ಹಳೆಯದು. ಎನ್‌ಎಚ್‌ಎಸ್ ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ 1951ರಲ್ಲಿ ರಾಜೀನಾಮೆ ಕೊಡಲು ಒಂದು ಮುಖ್ಯ ಕಾರಣವೇ ಅದು. ಕಟ್ಟುವ ಹಲ್ಲಿಗೂ ಕನ್ನಡಕಕ್ಕೂ ಜನರಿಂದ ದುಡ್ಡು ತಗೊಳ್ಳಬೇಕು ಅಂತ ಅವರದೇ ಸರ್ಕಾರ ತೀರ್ಮಾನ ಮಾಡಿತ್ತು. ಮರುವರ್ಷ ಔಷಧಿ ಚೀಟಿಗೂ ಒಂದು ಶಿಲ್ಲಿಂಗ್ (ಆಗಿನ ಬ್ರಿಟನ್ನಿನ ನಾಣ್ಯ) ಶುಲ್ಕ ಬಂತು. ಎಲ್ಲವನ್ನೂ ಯಾವ ದೇಶವೂ ಕೊಡುತ್ತಿಲ್ಲ. ಪಟ್ಟಿ ಮಾಡಲೇಬೇಕು, ಆ ಪಟ್ಟಿ ಬಾಗಿಲು ಮುಚ್ಚಿಕೊಂಡು ಮಾಡುವಂಥದ್ದಲ್ಲ ಅನ್ನುವುದಷ್ಟೇ ನನ್ನ ಮಾತು. ನನ್ನನ್ನು ಕೇಳಿದರೆ ಬಿಪಿ, ಶುಗರ್, ಹೆರಿಗೆ, ಲಸಿಕೆ, ಅಪಘಾತ ಮೊದಲು. ಕನ್ನಡಕ ಆಮೇಲೆ ನೋಡಬಹುದು.

ಔಷಧಿ ಕೌಂಟರ್

ಸರ್, ಕನ್ನಡಕ ಆಮೇಲೆ ಅನ್ನಬೇಡಿ. ನಾನು ಹೇಳಿದ ಆ ಹಿರಿಯರಿಗೆ ಸ್ಟ್ರಿಪ್ಪಿನ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಬಿಪಿದು, ಶುಗರ್‌ದು ಎರಡೂ ಬಿಳಿ, ಹೆಚ್ಚುಕಡಿಮೆ ಒಂದೇ ಗಾತ್ರ. ನಾನು ಪೆನ್ನಿನಲ್ಲಿ ಒಂದರ ಹಿಂದೆ ಒಂದು ಗೀಟು, ಇನ್ನೊಂದರ ಹಿಂದೆ ಎರಡು ಗೀಟು ದಪ್ಪಗೆ ಎಳೆದು ಕೊಡುತ್ತಿದ್ದೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಲ್ಲಿ ಮುಟ್ಟಿ, "ಒಂದು ಗೀಟು ಬೆಳಿಗ್ಗೆ, ಎರಡು ಗೀಟು ರಾತ್ರಿ" ಅಂತ ನನ್ನೆದುರು ಎರಡು ಸಲ ಹೇಳಿಯೇ ಹೋಗುತ್ತಿದ್ದರು. ನಿಮ್ಮ ಮೊದಲ ಪಟ್ಟಿಯಲ್ಲೇ ಕನ್ನಡಕ ಸೇರಿಸಿ.